ಓದುಗರ ಪ್ರಶ್ನೆ: ರೈಲಿಗೆ ಹಣವಿದೆ, ಊರಿನ ಬಸ್ಸಿಗೇಕಿಲ್ಲ?

ಪ್ರಶ್ನೆ: ನನ್ನ ಮಗಳು ದಿನವೂ ಬಸ್ಸಿನಲ್ಲಿ ಮಂಡ್ಯಕ್ಕೆ ಬಂದು, ಅಲ್ಲಿಂದ ರೈಲು ಹಿಡಿದು ಮೈಸೂರಿನ ಕಾಲೇಜಿಗೆ ಹೋಗುತ್ತಾಳೆ. ಜೋಡಿ ಹಳಿಯಾಯಿತು, ವಿದ್ಯುತ್ ರೈಲೂ ಬಂತು. ಆದರೆ ಸಂಜೆ ಅವಳು ರೈಲಿಳಿಯುವಷ್ಟರಲ್ಲಿ ಊರಿನ ಬಸ್ಸು ಹೊರಟುಹೋಗಿರುತ್ತದೆ. ದೇಶದ ಸಾರಿಗೆಗೆ ಸರ್ಕಾರ ಲಕ್ಷ ಕೋಟಿಗಳ ಲೆಕ್ಕದಲ್ಲಿ ಹಣ ಹಾಕುತ್ತಿರುವಾಗ ನಮಗೆ ಮಾತ್ರ ‘ನಷ್ಟದ ಮಾರ್ಗ’ ಎಂಬ ಉತ್ತರವೇಕೆ?
— ಓದುಗರೊಬ್ಬರು, ಕೆ.ಎಂ. ದೊಡ್ಡಿ, ಮದ್ದೂರು ತಾಲ್ಲೂಕು

ಉತ್ತರ: ಇದರ ಬೇರು ಸಂವಿಧಾನದ ಏಳನೆಯ ಅನುಸೂಚಿಯಲ್ಲಿದೆ. ರೈಲ್ವೆ ಮತ್ತು ರಾಷ್ಟ್ರೀಯ ಹೆದ್ದಾರಿಗಳು ಕೇಂದ್ರದ ಪಟ್ಟಿಗೆ ಸೇರಿದ್ದರೆ ಉಳಿದ ರಸ್ತೆಗಳು ರಾಜ್ಯದ ಪಟ್ಟಿಯಲ್ಲಿವೆ. ಸರ್ಕಾರಿ ಬಸ್ಸುಗಳ ಹೊಣೆಯನ್ನೂ ಹೊತ್ತಿರುವುದು ರಾಜ್ಯವೇ. ನಿಮ್ಮ ಮಗಳಿಗೆ ಅದು ಒಂದೇ ಪ್ರಯಾಣವಾದರೂ ಅದರ ಖರ್ಚು ಎರಡು ಖಜಾನೆಗಳಲ್ಲಿ ಹಂಚಿಹೋಗಿದೆ, ಮತ್ತು ರೈಲು ನಿಲ್ದಾಣದಿಂದ ಬಸ್ ನಿಲ್ದಾಣದವರೆಗಿನ ನಡಿಗೆ ಯಾರ ಲೆಕ್ಕಕ್ಕೂ ಸೇರುವುದಿಲ್ಲ. 1948ರಲ್ಲಿ ಮೈಸೂರು ಸರ್ಕಾರ 120 ಬಸ್ಸುಗಳೊಂದಿಗೆ ಸಾರಿಗೆ ಇಲಾಖೆಯನ್ನು ಆರಂಭಿಸಿದಾಗ ಮೈಸೂರು ರೈಲ್ವೆಯೂ ಅದೇ ಸರ್ಕಾರದ ಕೈಯಲ್ಲಿತ್ತು ಎಂಬುದನ್ನು ಇಲ್ಲಿ ನೆನೆಯಬಹುದು. 1951ರಲ್ಲಿ ರೈಲು ದಕ್ಷಿಣ ರೈಲ್ವೆಗೆ ಸೇರಿತು, ಬಸ್ಸು ಇಲ್ಲಿಯೇ ಉಳಿಯಿತು.

ಇನ್ನು ‘ನಷ್ಟ’ದ ಮಾತು. ರೈಲು ಪ್ರಯಾಣದ ವೆಚ್ಚದಲ್ಲಿ ಸರಾಸರಿ ಶೇ 57ರಷ್ಟು ಮಾತ್ರ ವಸೂಲಾಗುತ್ತದೆ ಎಂದು 2016ರಲ್ಲಿ ರೈಲ್ವೆ ಇಲಾಖೆ ಟಿಕೆಟಿನ ಮೇಲೆಯೇ ಅಚ್ಚು ಹಾಕಿಸಿತ್ತು. ಹಾಗೆಂದು ಮೈಸೂರಿನ ಪ್ಯಾಸೆಂಜರ್ ರೈಲನ್ನು ಯಾರೂ ನಷ್ಟದ ಮಾರ್ಗವೆಂದು ಕರೆಯಲಿಲ್ಲ, ಏಕೆಂದರೆ ಕಲ್ಲಿದ್ದಲು, ಸಿಮೆಂಟು ಸಾಗಿಸುವ ಗೂಡ್ಸ್ ಗಾಡಿಗಳ ವರಮಾನ ಆ ಕೊರತೆಯನ್ನು ತುಂಬಿಕೊಡುತ್ತದೆ. ನಿಮ್ಮೂರಿನ ಬಸ್ಸಿನ ಬೆನ್ನಿಗೆ ಅಂಥ ಗೂಡ್ಸ್ ಗಾಡಿಯಿಲ್ಲ. 2023ರ ಜೂನ್‌ನಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಡಿ ನಿಮ್ಮ ಮಗಳ ಬಸ್ ಟಿಕೆಟಿನ ಹಣವನ್ನು ಸರ್ಕಾರವೇ ಭರಿಸುತ್ತದೆ, ನಿಜ. ಆದರೆ ಅದು ಪ್ರಯಾಣಿಕರ ಟಿಕೆಟಿಗೆ ಕೊಟ್ಟ ಹಣವೇ ಹೊರತು ಸಂಜೆಯ ಇನ್ನೊಂದು ಟ್ರಿಪ್ಪಿಗೆ ಕೊಟ್ಟದ್ದಲ್ಲ.

ಹಣದ ಬಗೆಯನ್ನೂ ಗಮನಿಸಬೇಕು. 2024–25ರಲ್ಲಿ ಕೇಂದ್ರ ಬಜೆಟ್ ರೈಲ್ವೆಗೆ ಒದಗಿಸಿದ ಸುಮಾರು 2.52 ಲಕ್ಷ ಕೋಟಿ ರೂಪಾಯಿ ಹಳಿ, ಬೋಗಿ, ನಿಲ್ದಾಣಗಳಂತಹ ಬಂಡವಾಳ ವೆಚ್ಚಕ್ಕೆ ಮೀಸಲಾದದ್ದು. ಟೇಪು ಕತ್ತರಿಸಬಹುದಾದ ಕೆಲಸಕ್ಕೆ ನಮ್ಮಲ್ಲಿ ಹಣ ಸುಲಭವಾಗಿ ಹುಟ್ಟುತ್ತದೆ. ಚಾಲಕರ ಸಂಬಳ ಮತ್ತು ಡೀಸೆಲ್ಲಿಗೆ ವರ್ಷ ವರ್ಷವೂ ಬೇಕಾಗುವ ಹಣವನ್ನು ಹೊರೆಯೆಂದೇ ಎಣಿಸಲಾಗುತ್ತದೆ. 2023ರ ಆಗಸ್ಟ್‌ನಲ್ಲಿ ಒಪ್ಪಿಗೆ ಪಡೆದ ಪಿಎಂ ಇ–ಬಸ್ ಸೇವಾ ಯೋಜನೆ ಇದಕ್ಕೆ ಅಪವಾದವಾಗಿ, 10,000 ವಿದ್ಯುತ್ ಬಸ್ಸುಗಳನ್ನು ಓಡಿಸುವುದಕ್ಕೂ 10 ವರ್ಷ ನೆರವು ನೀಡುತ್ತದೆ. ಅದು ನಗರಗಳಿಗೆ ಮಾತ್ರ. ದೊಡ್ಡಿಯವರಿಗೆ ಅದರಿಂದ ಏನೂ ದಕ್ಕದು.

ನನ್ನ ಅಭಿಪ್ರಾಯದಲ್ಲಿ, ರೈಲಿನ ವೇಳೆಗೆ ಹೊಂದುವ ಹಳ್ಳಿ ಟ್ರಿಪ್ಪುಗಳಿಗೆ ಓಡಿದ ಕಿಲೋಮೀಟರಿನ ಲೆಕ್ಕದಲ್ಲಿ ಸರ್ಕಾರ ಹಣ ಕೊಡಬೇಕು. ಅಲ್ಲಿಯವರೆಗೆ ನೀವು ಹೊಸ ಬಸ್ಸನ್ನು ಕೇಳುವ ಬದಲು, ಇರುವ ಬಸ್ಸಿನ ವೇಳೆಯನ್ನೇ ಬದಲಿಸುವಂತೆ ಕೇಳಿ: ರೈಲು ಬರುವ ಸಮಯ ಮತ್ತು ದಿನವೂ ಇಳಿಯುವವರ ಸಂಖ್ಯೆಯನ್ನು ಬರೆದು, ಗ್ರಾಮ ಪಂಚಾಯಿತಿಯ ನಿರ್ಣಯದೊಂದಿಗೆ ಕೆಎಸ್‌ಆರ್‌ಟಿಸಿಯ ಮಂಡ್ಯ ವಿಭಾಗೀಯ ನಿಯಂತ್ರಣಾಧಿಕಾರಿಗೆ ಅರ್ಜಿ ಸಲ್ಲಿಸಿ. ವೇಳಾಪಟ್ಟಿಯ ಬದಲಾವಣೆಗೆ ಬಜೆಟ್ ಬೇಕಿಲ್ಲ.

ಪ್ರಶ್ನೆ: ಕೇಂದ್ರ ಮತ್ತು ರಾಜ್ಯ ಸೇರಿ ಬಂಡವಾಳ ಹಾಕಿದ ಉದಾಹರಣೆಗಳೇ ಇಲ್ಲವೇ?
— ನಿವೃತ್ತ ಶಿಕ್ಷಕರು, ಮೈಸೂರು

ಉತ್ತರ: ಇವೆ. ಕೊಂಕಣ ರೈಲ್ವೆ ನಿಗಮದ ಮೂಲ ಬಂಡವಾಳದಲ್ಲಿ ಕೇಂದ್ರದ ಪಾಲು ಶೇ 51, ಕರ್ನಾಟಕದ್ದು ಶೇ 15. ಇತ್ತೀಚಿನ ಕೆಲವು ರೈಲು ಮಾರ್ಗಗಳಿಗೆ ನಮ್ಮ ರಾಜ್ಯ ಅರ್ಧ ವೆಚ್ಚವನ್ನೂ ಕೊಟ್ಟಿದೆ. ಬಸ್ಸಿನಲ್ಲಿಯೂ ಈ ಪದ್ಧತಿಯಿತ್ತು: ಸಾರಿಗೆ ನಿಗಮಗಳಿಗೆ ರಾಜ್ಯ ಎರಡು ರೂಪಾಯಿ ಬಂಡವಾಳ ಹಾಕಿದರೆ ಕೇಂದ್ರ ಒಂದು ರೂಪಾಯಿ ಹಾಕುತ್ತಿತ್ತು, ಅದೂ ರೈಲ್ವೆಯ ಮೂಲಕ. ಆ ಒಂದು ರೂಪಾಯಿ ನಿಂತು ದಶಕಗಳೇ ಕಳೆದಿವೆ.