ಬೇರೆ ಇಟ್ಟಿದ್ದ ಹೇಂಟೆಯನ್ನು ಮತ್ತೆ ಹಿಂಡಿಗೆ ಸೇರಿಸುವುದು ಹೇಗೆ?

ಪ್ರಶ್ನೆ: ನಮ್ಮ ಮನೆಯಲ್ಲಿ 14 ನಾಟಿ ಹೇಂಟೆಗಳೂ ಒಂದು ಹುಂಜವೂ ಇವೆ. ಒಂದು ಹೇಂಟೆಗೆ ನಾಯಿ ಕಚ್ಚಿ ತೊಡೆಗೆ ಗಾಯವಾದ್ದರಿಂದ ಅದನ್ನು 24 ದಿನ ಕೊಟ್ಟಿಗೆಯ ಮೂಲೆಯಲ್ಲಿ ಬೇರೆ ಇಟ್ಟು ಆರೈಕೆ ಮಾಡಿದೆ. ಗಾಯ ಮಾಗಿದ ಮೇಲೆ ಹಿಂಡಿಗೆ ಬಿಟ್ಟರೆ, ಜೊತೆಗೇ ಹುಟ್ಟಿ ಬೆಳೆದ ಕೋಳಿಗಳೇ ಅಟ್ಟಾಡಿಸಿ ಜುಟ್ಟಿನಿಂದ ರಕ್ತ ಬರುವ ಹಾಗೆ ಕುಕ್ಕಿದವು. ಅದರಲ್ಲೂ ಒಂದು ಕಪ್ಪು ಹೇಂಟೆಯ ಕಾಟ ವಿಪರೀತ. ಗಾಯದ ಕೋಳಿಯನ್ನು ಸಂತೆಗೆ ಕೊಟ್ಟುಬಿಡು ಎಂದು ಅತ್ತೆಯವರು ಹೇಳುತ್ತಾರೆ. ಕಪ್ಪು ಕೋಳಿಯ ಕೊಕ್ಕು ಕತ್ತರಿಸು ಎಂದು ನೆರೆಮನೆಯವರು ಹೇಳುತ್ತಾರೆ. ಏನು ಮಾಡಲಿ?
— ಓದುಗರೊಬ್ಬರು, ತಿಪಟೂರು ತಾಲ್ಲೂಕು

ಉತ್ತರ: ಎರಡನ್ನೂ ಮಾಡಬೇಡಿ. ನಾಯಿಯ ಬಾಯಿಂದ ಬದುಕಿ ಬಂದ ಕೋಳಿಯನ್ನು 24 ದಿನ ಜೋಪಾನ ಮಾಡಿದ್ದೀರಿ. ಇನ್ನು ಎರಡು ವಾರ ಅಷ್ಟೇ ತಾಳ್ಮೆಯಿಂದ ನೋಡಿಕೊಂಡರೆ ಅದು ಹಿಂಡಿಗೆ ಹೊಂದಿಕೊಳ್ಳುವ ಸಾಧ್ಯತೆ ಬಹಳ ಹೆಚ್ಚು.

ಮೊದಲು ಕೋಳಿಗಳ ಕಡೆಯಿಂದ ಇದನ್ನು ನೋಡೋಣ. ಹಿಂಡಿನಲ್ಲಿ ಯಾವುದು ಯಾವುದನ್ನು ಕುಕ್ಕಬಹುದು, ಯಾವುದು ಯಾವುದಕ್ಕೆ ದಾರಿ ಬಿಡಬೇಕು ಎಂಬುದು ಪ್ರತಿ ಎರಡು ಕೋಳಿಗಳ ನಡುವೆಯೂ ಇತ್ಯರ್ಥವಾಗಿರುತ್ತದೆ. ಬಾಲ್ಯದಿಂದಲೇ ಕೋಳಿಗಳನ್ನು ಗಮನಿಸುತ್ತ ಬಂದ ನಾರ್ವೆಯ ವಿಜ್ಞಾನಿ ಶೆಲ್ಡೆರಪ್-ಎಬ್ಬೆ 1921ರ ತಮ್ಮ ಪ್ರಬಂಧದಲ್ಲಿ ಇದನ್ನು ವಿವರಿಸಿದರು. ಕೋಳಿಗಳು ಒಂದನ್ನೊಂದು ಗುರುತಿಸುವುದು ಮುಖ್ಯವಾಗಿ ಜುಟ್ಟು ಮತ್ತು ತಲೆಯ ಲಕ್ಷಣಗಳಿಂದ. ಎರಡು ಮೂರು ವಾರ ಕಣ್ಣಿಗೆ ಬೀಳದ ಕೋಳಿ ಅವುಗಳ ಪಾಲಿಗೆ ಹೊರಗಿನಿಂದ ಬಂದ ಕೋಳಿಯೇ. ಅದರ ಮೇಲೆ, ನೋವಿನಲ್ಲಿದ್ದ ಹೇಂಟೆಯ ಜುಟ್ಟು ಬಿಳಿಚಿ ಸಣ್ಣದಾಗಿರುತ್ತದೆ. ಕೆಂಪೇರಿದ ದೊಡ್ಡ ಜುಟ್ಟಿನ ಕೋಳಿಗಳೆದುರು ಅದು ಸುಲಭವಾಗಿ ಸೋಲುತ್ತದೆ. ಆದ್ದರಿಂದ ನಿಮ್ಮ ಕೋಳಿಗಳು ದ್ವೇಷ ಸಾಧಿಸುತ್ತಿವೆ ಎಂದು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಸ್ಥಾನ ಹೊಸದಾಗಿ ತೀರ್ಮಾನವಾಗಬೇಕಿದೆ, ಅಷ್ಟೇ.

ಈಗ ಮಾಡಬೇಕಾದ್ದು ಇದು. ಜುಟ್ಟಿನ ಗಾಯ ಪೂರ್ತಿ ಒಣಗುವವರೆಗೆ ಹೇಂಟೆಯನ್ನು ಬೇರೆಯೇ ಇಡಿ, ಆದರೆ ಕೊಟ್ಟಿಗೆಯ ಕತ್ತಲ ಮೂಲೆಯಲ್ಲಲ್ಲ. ಹಿಂಡು ಮೇಯುವ ಜಾಗದಲ್ಲೇ, ಅಥವಾ ಗೂಡಿನ ಒಂದು ಬದಿಯಲ್ಲಿ, ಕೊಕ್ಕು ತೂರದಷ್ಟು ಸಣ್ಣ ಕಣ್ಣಿನ ಜಾಲರಿ ಕಟ್ಟಿ ಅದರೊಳಗೆ ಬಿಡಿ; ನೆರಳು, ನೀರು, ಮೇವು ಒಳಗೇ ಇರಲಿ. ಜಾಲರಿಯ ಹೊರಗಡೆ ಅದಕ್ಕೆ ಹತ್ತಿರವಾಗಿ ಉಳಿದವುಗಳಿಗೂ ಕಾಳು ಹಾಕಿ, ಎರಡೂ ಕಡೆಯವು ಒಟ್ಟಿಗೆ ಮೇಯುವುದನ್ನು ರೂಢಿ ಮಾಡಿಸಿ. ಮೊದಲ ಎರಡು ದಿನ ಹೊರಗಿನವು ಕುತ್ತಿಗೆಯ ಗರಿ ಕೆದರಿಕೊಂಡು ಜಾಲರಿಯ ಉದ್ದಕ್ಕೂ ಓಡಾಡುತ್ತವೆ. ಒಂದು ವಾರ, ಹತ್ತು ದಿನದಲ್ಲಿ ಅದನ್ನು ಲೆಕ್ಕಿಸದೆ ಪಕ್ಕದಲ್ಲೇ ಮಣ್ಣು ಕೆದರತೊಡಗಿದರೆ ಅರ್ಧ ಕೆಲಸ ಆದಂತೆ. ಕೊನೆಯ ಮೂರು ನಾಲ್ಕು ದಿನ, ಹಿಂಡಿನಲ್ಲಿ ಸಾಧು ಸ್ವಭಾವದ ಒಂದು ಹೇಂಟೆಯನ್ನು ಆರಿಸಿ ಜಾಲರಿಯೊಳಗೆ ಜೊತೆಗೆ ಬಿಡಿ. ಒಂಟಿಯಾಗಿ ಹೋಗುವ ಕೋಳಿಗೆ ಬೀಳುವ ಏಟು, ಜೊತೆಯಿದ್ದಾಗ ಹಂಚಿಹೋಗುತ್ತದೆ.

ಕಪ್ಪು ಹೇಂಟೆಯ ವಿಷಯ. ಜಾಲರಿ ತೆಗೆಯುವ ಹಿಂದಿನ ದಿನವೇ ಅದನ್ನು ಹಿಡಿದು, ಹಿಂಡು ಕಾಣದ ಕಡೆ ನಾಲ್ಕೈದು ದಿನ ಇಡಿ. ಅದಿಲ್ಲದಾಗ ಗಾಯದ ಹೇಂಟೆ ಉಳಿದವುಗಳ ನಡುವೆ ತನ್ನ ಜಾಗ ಕಂಡುಕೊಳ್ಳುತ್ತದೆ. ಆಮೇಲೆ ಬಿಟ್ಟಾಗ ಕಪ್ಪು ಹೇಂಟೆಯೇ ತಡವಾಗಿ ಬಂದದ್ದಾಗಿ, ಅದರ ಜೋರು ಎಷ್ಟೋ ಇಳಿದಿರುತ್ತದೆ. ಕೊಕ್ಕು ಕತ್ತರಿಸುವ ಮಾತು ಮಾತ್ರ ಖಂಡಿತ ಬೇಡ. ಕೊಕ್ಕಿನೊಳಗೆ ನರಗಳಿವೆ, ಕತ್ತರಿಸಿದರೆ ನೋವಾಗುತ್ತದೆ. ಹಿತ್ತಿಲಲ್ಲಿ ಹುಳುಹುಪ್ಪಟೆ ಹೆಕ್ಕಿ ಬದುಕುವ ನಾಟಿ ಕೋಳಿಗೆ ಕೊಕ್ಕಿನ ತುದಿಯೇ ಕೈಬೆರಳು.

ಬಿಡುವುದು ಸಂಜೆ, ಗೂಡು ಸೇರುವುದಕ್ಕೆ ಒಂದು ಗಂಟೆ ಮೊದಲು, ಬಯಲಲ್ಲಿ. ಗೂಡಿನೊಳಗೆ ಬಿಟ್ಟರೆ ಸೋತ ಕೋಳಿಗೆ ಓಡಲು ಜಾಗವಿರುವುದಿಲ್ಲ. ರಾತ್ರಿ ಕತ್ತಲಲ್ಲಿ ಸುಮ್ಮನೆ ಅಡ್ಡಗೋಲಿನ ಮೇಲೆ ಕೂರಿಸಿದರೆ ಬೆಳಗ್ಗೆ ಅದನ್ನೂ ತಮ್ಮ ಹಿಂಡಿನದೇ ಎಂದುಕೊಳ್ಳುತ್ತವೆ ಎಂದು ಹೇಳುವವರಿದ್ದಾರೆ. ಜಾಲರಿಯ ಪರಿಚಯವಿಲ್ಲದೆ ಹಾಗೆ ಮಾಡಿದರೆ ಜಗಳ ಬೆಳಕು ಹರಿಯುವವರೆಗೆ ಮುಂದೆ ಹೋಗುತ್ತದೆ, ಅಷ್ಟೇ. ಮರುದಿನ ಬೆಳಗ್ಗೆ ಗೂಡು ತೆರೆಯುವಾಗ ನೀವು ಅಲ್ಲಿರಲೇಬೇಕು. ಮೇವಿನ ತಟ್ಟೆ, ನೀರಿನ ಪಾತ್ರೆಗಳನ್ನು ಎರಡು ಮೂರು ಕಡೆ, ಒಂದರಿಂದ ಇನ್ನೊಂದು ಕಾಣದಂತೆ ಇಡಿ. ಅಡಗಿಕೊಳ್ಳಲು ಒಂದೆರಡು ತೆಂಗಿನ ಗರಿಗಳನ್ನು ಗೋಡೆಗೆ ಒರಗಿಸಿಡಿ.

ಜಗಳ ಕಂಡ ತಕ್ಷಣ ಬಿಡಿಸಲು ಹೋಗಬೇಡಿ. ಎರಡು ಹೇಂಟೆಗಳು ಗರಿ ಕೆದರಿ ಕಣ್ಣಿಗೆ ಕಣ್ಣಿಟ್ಟು ನಿಂತು, ಎರಡು ಮೂರು ಬಾರಿ ಎಗರಿ, ಒಂದು ತಲೆ ತಗ್ಗಿಸಿ ಪಕ್ಕಕ್ಕೆ ಸರಿದರೆ ಅಲ್ಲಿಗೆ ಮುಗಿಯಿತು. ನಡುವೆ ಬಂದು ಬಿಡಿಸಿದರೆ ಅದೇ ಜಗಳ ಮತ್ತೆ ಮೊದಲಿಂದ ಶುರುವಾಗುತ್ತದೆ. ಆದರೆ ತಲೆ ತಗ್ಗಿಸಿದ ಮೇಲೂ ಬೆನ್ನೇರಿ ಕುಕ್ಕುತ್ತಿದ್ದರೆ, ಹಲವು ಕೋಳಿಗಳು ಒಂದನ್ನೇ ಮೂಲೆಗೆ ಒತ್ತಿದರೆ, ಅಥವಾ ಒಂದು ಹನಿ ರಕ್ತ ಕಂಡರೂ, ತಡಮಾಡದೆ ಹೊರತೆಗೆಯಿರಿ. ಕೆಂಪು ಬಣ್ಣ ಕೋಳಿಗಳನ್ನು ಸೆಳೆಯುತ್ತದೆ. ರಕ್ತ ಕಂಡಲ್ಲಿ ಹಿಂಡೆಲ್ಲ ಸೇರಿ ಕುಕ್ಕಿ ಕೊಂದೇಬಿಡುವುದುಂಟು. ಗಾಯ ತೊಳೆದು ಅರಿಶಿನ, ಬೇವಿನೆಣ್ಣೆ ಹಚ್ಚಬಹುದು; ಆಳವಾದ ಗಾಯವನ್ನೂ ಕಣ್ಣಿನ ಬಳಿಯ ಗಾಯವನ್ನೂ ಪಶುವೈದ್ಯರಿಗೇ ತೋರಿಸಿ.

ರಕ್ತ ಬಾರದಿದ್ದರೂ ಕೋಳಿ ಉಪವಾಸ ಬೀಳಬಹುದು. ದಿನವೂ ಸಂಜೆ ಅದನ್ನು ಹಿಡಿದು, ಕುತ್ತಿಗೆಯ ಬುಡದಲ್ಲಿ ಎದೆಯ ಮೇಲಿರುವ ಮೇವಿನ ಚೀಲವನ್ನು ಬೆರಳಿನಿಂದ ಮುಟ್ಟಿ ನೋಡಿ. ತುಂಬಿ ಗುಂಡಗಿದ್ದರೆ ಚಿಂತೆಯಿಲ್ಲ. ಬರಿದಾಗಿ ಚರ್ಮ ಜೋತಿದ್ದರೆ ಹಿಂಡಿನಿಂದ ಬೇರೆಯಾಗಿ ಮೇವು ತಿನ್ನಿಸಿ, ಮತ್ತೆ ನಾಲ್ಕು ದಿನ ಜಾಲರಿಯೊಳಗಿಡಿ.

ಪ್ರಶ್ನೆ: ನಾಟಿ ಕೋಳಿಗಳ ಜೊತೆಗೆ ಗಿರಿರಾಜ ಮರಿಗಳನ್ನು ಯಾವಾಗ ಬಿಡಬಹುದು?
— ಓದುಗರೊಬ್ಬರು, ಸಾಗರ ತಾಲ್ಲೂಕು

ಉತ್ತರ: ಹೆಬ್ಬಾಳದಲ್ಲಿ ಅಭಿವೃದ್ಧಿಪಡಿಸಿದ ಈ ತಳಿ ಬೇಗ ಮೈ ತುಂಬಿಕೊಳ್ಳುವುದರಿಂದ ಗಾತ್ರ ನೋಡಿ ಮೋಸಹೋಗುವವರೇ ಹೆಚ್ಚು, ಮೈ ಬೆಳೆದರೂ ಅದು ಮರಿಯೇ. ಹೊರಗಿನಿಂದ ತಂದ ಮರಿಗಳನ್ನು ಮೂರು ನಾಲ್ಕು ವಾರ ಪೂರ್ತಿ ದೂರವಿಟ್ಟು, ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆ ಹಾಕಿಸಿ, ರೋಗಲಕ್ಷಣ ಇಲ್ಲವೆಂದು ಖಾತ್ರಿಯಾದ ಮೇಲೆ ಜಾಲರಿಯ ಪರಿಚಯ ಶುರುಮಾಡಿ. ಮರಿಗಳು ಮಾತ್ರ ನುಸುಳಬಲ್ಲ ಕಿಂಡಿಯಿರುವ ಒಂದು ಮೂಲೆಯನ್ನು ಮಾಡಿ, ಅವುಗಳ ಮೇವನ್ನು ಅಲ್ಲಿಯೇ ಇಡಿ. ಮೊಟ್ಟೆ ಕೋಳಿಯ ಮೇವಿನಲ್ಲಿ ಸುಣ್ಣದಂಶ ಹೆಚ್ಚಿರುವುದರಿಂದ ಅದು ಬೆಳೆಯುವ ಮರಿಗಳ ಮೂತ್ರಪಿಂಡಕ್ಕೆ ಕೆಡುಕು.