ಹಸ್ತ ಮಳೆ ಬಾರದ ವರ್ಷ, ಜತ್ತದ ಮನೆಯೊಳಗೆ

ಬರ ಬಿದ್ದರೆ ಹೆಣ್ಣುಮಕ್ಕಳಿಗೆ ನೀರು ಹೊರುವುದು ಹೆಚ್ಚಾಗುತ್ತದೆ, ಅಷ್ಟೇ ಅಲ್ಲವೇ ಎಂದು ಕೇಳಿದ್ದೀರಿ. ಅಷ್ಟೇ ಅಲ್ಲರಿ.

ನಮ್ಮದು ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕಿನ ಪೂರ್ವ ಭಾಗ. ಉಮದಿ, ಸಂಖ ಕಡೆ ಮನೆಮಾತು ಕನ್ನಡ, ಕಚೇರಿಯ ಕಾಗದ ಮರಾಠಿ. ಬಿಳಿಜೋಳ ಉತ್ತರಿ, ಹಸ್ತ ಮಳೆಗಳನ್ನು ನಂಬಿದ ಬೆಳೆ. ಅವು ಕೈಕೊಟ್ಟರೆ ಹೊರಗಿನವರು ಕಾಳಿನ ಲೆಕ್ಕ ಹಾಕುತ್ತಾರೆ. ಮನೆಯಾಕೆಯ ಲೆಕ್ಕ ಬೇರೆ: ಜೋಳ ಇಲ್ಲದಿದ್ದರೆ ಕಣಿಕಿ (ದನದ ಮೇವಿನ ಜೋಳದ ದಂಟು) ಇಲ್ಲ, ತೊಗರಿ ಒಣಗಿದರೆ ಒಲೆಗೆ ಕಟ್ಟಿಗೆ ಇಲ್ಲ, ಮೇವಿಲ್ಲದೆ ಎಮ್ಮೆ ಮಾರಿದರೆ ಕುಳ್ಳೂ ಇಲ್ಲ.

ಬೇಸಿಗೆಯಲ್ಲಿ ಒಂದು ಎಮ್ಮೆಗೆ ದಿನಕ್ಕೆ 60 ಲೀಟರಿನಷ್ಟು ನೀರು ಬೇಕು. 15 ಲೀಟರಿನ ಕೊಡದಲ್ಲಿ ನಾಲ್ಕು ಕೊಡ. ಎರಡು ಎಮ್ಮೆ, ನಾಲ್ಕು ಆಡು ಇದ್ದರೆ ಒಂಬತ್ತು ಕೊಡ ದನಕರುಗಳಿಗೇ ಹೋಗುತ್ತದೆ. ಹಾಗಾಗಿ ಯಾವ ನೀರನ್ನೂ ಒಂದೇ ಸಲಕ್ಕೆ ಚೆಲ್ಲುವುದಿಲ್ಲ. ಉಂಡ ತಾಟು ಮೊದಲು ಬರೀ ನೀರಿನಲ್ಲಿ ತೊಳೆದು ಆ ಮುಸುರೆ ಎಮ್ಮೆಗೆ. ಆಮೇಲೆ ಬೂದಿ ಹಚ್ಚಿ ಉಜ್ಜಿದ ನೀರು ಹಿತ್ತಲಿನ ನುಗ್ಗೆಗೆ. ಸೋಪಿನ ಪುಡಿ ಬಿದ್ದ ಮುಸುರೆಯನ್ನು ಎಮ್ಮೆಗೆ ಕುಡಿಸುವಂತಿಲ್ಲ.

ಟ್ಯಾಂಕರ್ ನೀರನ್ನು ಬಾವಿಗೆ ಸುರಿದರೆ ತಳದ ಕೆಸರೆಲ್ಲ ಮೇಲೆ ಬರುತ್ತದೆ. ನಾಲ್ಕು ಮಡಿಕೆ ಬಟ್ಟೆಯಲ್ಲಿ ಸೋಸಿ, ಪಟಿಕದ ತುಂಡನ್ನು ನಾಲ್ಕೈದು ಸುತ್ತು ತಿರುವಿ, ರಾತ್ರಿಯಿಡೀ ಅಲುಗಾಡಿಸದೆ ಇಟ್ಟು, ಮೇಲಿನ ತಿಳಿ ಮಾತ್ರ ಬಗ್ಗಿಸಿಕೊಳ್ಳಬೇಕು. ಪಟಿಕ ಕೆಸರು ಕೂರಿಸುತ್ತದೆ, ರೋಗ ಕೊಲ್ಲುವುದಿಲ್ಲ, ಕುದಿಸಲೇಬೇಕು. ಕುದಿಸಲು ಕಟ್ಟಿಗೆ? ಮಕ್ಕಳಿಗೆ ವಾಂತಿಭೇದಿ ಹತ್ತುವುದು ಇಲ್ಲಿಯೇ.

ಮೇವಿಗೆ ಕಬ್ಬಿನ ವಾಡಿ, ಅಂದರೆ ತುದಿಯ ಹಸಿರು ಗರಿ, ಸಿಗುತ್ತದೆ. ಅದನ್ನೇ ತಿಂಗಳುಗಟ್ಟಲೆ ಹಾಕಿದರೆ ಅದರ ಆಕ್ಸಲೇಟ್ ಸುಣ್ಣದ ಅಂಶವನ್ನು ಹಿಡಿದುಕೊಂಡು ಹಾಲು ಇಳಿಯುತ್ತದೆ. ತಿಳಿ ಸುಣ್ಣದ ನೀರು ಚಿಮುಕಿಸಿ, ಒಣಮೇವು ಬೆರೆಸಿ ಹಾಕಬೇಕು.

ಮನೆಯ ಮಾಲಿನಲ್ಲಿ ಮೊದಲು ಮಾರಿ ಹೋಗುವುದು ಮನೆಯಾಕೆಯ ಆಡು, ಆಮೇಲೆ ಬಂಗಾರ. ದಸರೆ ದಾಟಿದ ಮೇಲೆ ಕಬ್ಬು ಕಡಿಯಲು ಹೋದರೆ ಗಂಡಹೆಂಡತಿ ಸೇರಿ ಲೆಕ್ಕಕ್ಕೆ ಒಂದು ‘ಕೋಯ್ತಾ’ (ಕುಡುಗೋಲು). ಮುಕಾದಮ (ಆಳುಗಳನ್ನು ಕರೆದೊಯ್ಯುವ ಗುತ್ತಿಗೆದಾರ) ಕೊಡುವ ಮುಂಗಡ ಗಂಡನ ಕೈಗೆ. ಕಬ್ಬಿನ ಒಣ ಗರಿ (ರವದಿ) ಸುಲಿದು, ಮೋಳಿಗೆ (ಹೊರೆ) ಕಟ್ಟಿ, ತಲೆ ಮೇಲೆ ಹೊತ್ತು ಗಾಡಿಗೆ ಏರಿಸುವವಳು ಅವಳು. ಈ ಲೆಕ್ಕ ನನಗೆ ಯಾವತ್ತೂ ನ್ಯಾಯ ಅನಿಸಿಲ್ಲ.

ಬೆಳೆ ಪರಿಹಾರ ಸಾತಬಾರಾ ಉತಾರದಲ್ಲಿ (ಹೊಲದ 7/12 ದಾಖಲೆ) ಹೆಸರಿದ್ದವರ ಖಾತೆಗೆ ಜಮಾ ಆಗುತ್ತದೆ. ಗಂಡ ತೀರಿಕೊಂಡಿದ್ದರೆ ತಲಾಠಿ (ಊರಿನ ಜಮೀನು ಲೆಕ್ಕದ ಅಧಿಕಾರಿ) ಬಳಿ ವಾರಸುದಾರರ ನೋಂದಣಿಯನ್ನು ತಡಮಾಡದೆ ಮಾಡಿಸಬೇಕು, ಇಲ್ಲದಿದ್ದರೆ ಹಣ ಅಲ್ಲೇ ನಿಂತುಬಿಡುತ್ತದೆ. ಗಂಡ ಇರುವಾಗಲೇ ಹೆಂಡತಿಯ ಹೆಸರನ್ನೂ ಸೇರಿಸಲು ಮಹಾರಾಷ್ಟ್ರದಲ್ಲಿ ಲಕ್ಷ್ಮೀ ಮುಕ್ತಿ ಯೋಜನೆ ಇದೆ. ಅದಕ್ಕೆ ಅರ್ಜಿ ಕೊಡಬೇಕಾದವನು ಗಂಡ.