ಒಂಬತ್ತನೇ ಕ್ಲಾಸಿನ ಹುಡುಗಿಗಿ ಎಲೆಕ್ಟ್ರಿಕ್ ಗಾಡಿ: ಮೊದಲ ಕಾಲು ನೆಲಕ್ಕ ಮುಟ್ಟಲಿ

ಪ್ರಶ್ನೆ: ಅಣ್ಣಾರ ನಮಸ್ಕಾರ್ರಿ. ನಾವು ಬಾಗಲಕೋಟಿ ನವನಗರದಾಗ ಇರೋರು. ಮಗಳು ಒಂಬತ್ತನೇ ಕ್ಲಾಸ್, 14 ವರ್ಷ, ಎತ್ತರ 4 ಅಡಿ 9 ಇಂಚು, ತೂಕ 36 ಕೆಜಿ. ಸಾಲಿ 4 ಕಿಲೋಮೀಟರ್ ಐತಿ, ಸಂಜಿಗೆ ಟ್ಯೂಷನ್ ಬ್ಯಾರೆ. ಅಂಗಡ್ಯಾಗ ಒಂದು ಸಣ್ಣ ಎಲೆಕ್ಟ್ರಿಕ್ ಸ್ಕೂಟಿ ತೋರಿಸಿ ಇದಕ್ಕ ನಂಬರ್ ಬ್ಯಾಡ ಲೈಸೆನ್ಸ್ ಬ್ಯಾಡ ಅಂತಾರ, ನಮ್ಮನಿಯವರು ಪೆಡಲ್ ಇರೋ ಎಲೆಕ್ಟ್ರಿಕ್ ಸೈಕಲ್ ಸಾಕು ಅಂತಾರ. ಯಾವುದು ತಗೊಳ್ಳೂಣ್ರಿ?
– ಒಬ್ಬ ತಾಯಿ, ಬಾಗಲಕೋಟೆ

ಉತ್ತರ: ಅಕ್ಕಾರ, ನಿಮ್ಮನಿಯವರು ಹೇಳಿದ್ದ ಸರಿ ಐತ್ರಿ, ಸೈಕಲ್ಲ ತಗೋರಿ.

ನಂಬರ್ ಬ್ಯಾಡ ಲೈಸೆನ್ಸ್ ಬ್ಯಾಡ ಅನ್ನೋ ಮಾತು ಪೂರ್ತಿ ಸುಳ್ಳಲ್ಲ, ಆದ್ರ ಅದಕ್ಕ ಕಂಡೀಷನ್ ಅದಾವ. ಮೋಟರ್ ಪವರ್ 250 ವ್ಯಾಟ್‌ಗಿಂತ ಕಡಿಮಿ ಇರಬೇಕು, ಸ್ಪೀಡ್ 25 ದಾಟಬಾರದು, ಬ್ಯಾಟರಿ ಬಿಟ್ಟು ಗಾಡಿ ತೂಕ 60 ಕೆಜಿ ಒಳಗಿರಬೇಕು, ಮತ್ತ ಇಷ್ಟನ್ನೂ ಪುಣೆಯ ಎಆರ್‌ಎಐ ಅಂಥಾ ಸರ್ಕಾರ ಒಪ್ಪಿದ ಸಂಸ್ಥೆ ಟೆಸ್ಟ್ ಮಾಡಿ ಸರ್ಟಿಫಿಕೇಟ್ ಕೊಟ್ಟಿರಬೇಕು. ಆ ಕಾಗದ ತೋರಸ್ರಿ ಅಂತ ಅಂಗಡ್ಯಾಗ ಕೇಳಿ ನೋಡ್ರಿ. ಬರೇ ಪಾಂಪ್ಲೆಟ್ ತೋರಿಸಿದ್ರ ಎದ್ದ ಬರ್ರಿ. ಇನ್ನ ಕೆಲವರು “ಬೇಕಂದ್ರ ವೈರ್ ಒಂದು ಕಟ್ ಮಾಡಿ 45 ಓಡಂಗ ಮಾಡಿ ಕೊಡ್ತೀವಿ” ಅಂತಾರ, ಅದನ್ನ ಮಾತ್ರ ಯಾವ ಕಾರಣಕ್ಕೂ ಒಪ್ಪಬ್ಯಾಡ್ರಿ, ಯಾಕಂದ್ರ ಹಂಗ ಮಾಡಿದ ಕೂಡ್ಲೆ ಅದು ಕಾಯ್ದೆ ಪ್ರಕಾರ ಮೋಟರ್ ಗಾಡಿ ಆಗ್ತೈತಿ, ನಂಬರ್ ಇಲ್ಲ, ಇನ್ಶೂರೆನ್ಸ್ ಇಲ್ಲ, ಓಡಸೋಳು 14 ವರ್ಷದ ಹುಡುಗಿ. 2019ರಾಗ ಮೋಟರ್ ವಾಹನ ಕಾಯ್ದೆ ತಿದ್ದುಪಡಿ ಆದ ಮ್ಯಾಲ ಸಣ್ಣ ಮಕ್ಕಳು ಮೋಟರ್ ಗಾಡಿ ಓಡಿಸಿ ತಪ್ಪು ಮಾಡಿದ್ರ ತಂದಿ-ತಾಯಿಗೆ 25,000 ರೂಪಾಯಿ ದಂಡ, 3 ವರ್ಷದ ತನಕ ಜೈಲು, ಮತ್ತ ಆ ಹುಡುಗಿಗಿ 25 ವರ್ಷ ತುಂಬೂತನಕ ಲೈಸೆನ್ಸ್ ಕೊಡಂಗಿಲ್ಲ.

ಕಾಯ್ದೆ ಒಂದ ಕಡೆ ಇರಲಿ, ನನಗ ಹೆಚ್ಚು ಚಿಂತಿ ಆ ಸ್ಕೂಟಿ ತೂಕದ್ದು. ಕಡಿಮಿ ರೇಟಿನ ಸ್ಕೂಟಿ ಒಳಗ ಲೆಡ್ ಆಸಿಡ್ ಬ್ಯಾಟರಿ ನಾಲ್ಕೈದು ಕುಂದ್ರಸಿರ್ತಾರ, 36 ಕೆಜಿ ಹುಡುಗಿ ಆ ಗಾಡಿ ಒಂದ ಸಲ ಬಾಜು ವಾಲಿದ್ರ ಹಿಡಿಯಾಕ ಆಗಂಗಿಲ್ಲ, ಬ್ಯಾಟರಿ ನಡುವ ಕೈ ಕೊಟ್ರ ಮನಿತನಕ ನೂಕಬೇಕು. ಪೆಡಲ್ ಇರೋ ಎಲೆಕ್ಟ್ರಿಕ್ ಸೈಕಲ್ 20ರಿಂದ 25 ಕೆಜಿ ಬರ್ತಾವ, ಚಾರ್ಜ್ ಮುಗದ್ರ ತುಳಕೋತ ಬರ್ತಾಳ. ಹೀರೋ ಲೆಕ್ಟ್ರೋ, ಇಮೋಟೊರಾಡ್ ಹಿಂಗ ಬ್ರ್ಯಾಂಡ್ ಅದಾವ, ಆದ್ರ ಬ್ರ್ಯಾಂಡ್ ಆಮ್ಯಾಲೆ, ಮೊದಲ ಅಳತಿ.

ಅಳತಿ ವಿಷಯ ನಾನು ಯಾಕ ಇಷ್ಟು ಹೇಳ್ತೀನಿ ಅಂದ್ರ ನಮ್ಮ ತಂಗಿ ಮಗಳಿಗೆ ಹಿಂಗ ಆಗಿತ್ತು. ಇಲ್ಲೇ ವಿಜಯಪುರದಾಗ ಒಂದು ಅಂಗಡ್ಯಾಗ “ಮಕ್ಕಳು ಬೆಳೀತಾರ, ಒಂದ ಸೈಜ್ ದೊಡ್ಡದ ತಗೋರಿ” ಅಂದ್ರು, ಯೂನಿಫಾರ್ಮ್ ತಗೊಂಡಂಗ ನಾವೂ ತಗೊಂಡ್ವಿ. ಮೂರನೇ ದಿನ ಸ್ಟೇಷನ್ ರೋಡಿನಾಗ ಒಂದು ಹಂಪ್ ಮುಂದ ನಿಂತಾಳ, ಒಂದ ಕಾಲಿನ ತುದಿ ಅಷ್ಟ ನೆಲದ ಮ್ಯಾಲ, ಇನ್ನೊಂದು ಕಾಲು ಪೆಡಲ್ ಮ್ಯಾಲ. ಪೆಡಲ್ ಒಂದೀಟು ಒತ್ತಿ ತಿರಗೇತಿ, ಮೋಟರ್ ಆನ್ ಆಗಿ ಸೈಕಲ್ ಮುಂದ ಜಿಗಿದೈತಿ, ತಡಿಯಾಕ ಅಕಿಗೆ ನೆಲ ಸಿಗಲಿಲ್ಲ. ಬಲಗೈ ಮಣಿಕಟ್ಟು ಉಳುಕಿ ಹದಿನೈದು ದಿನ ಬರಿಯಾಕ ಆಗಲಿಲ್ಲ. ಅದನ್ನ ನೆನಸಿದ್ರ ಈಗೂ ನನಗ ಸಂಕಟ ಆಗ್ತೈತಿ, ತಗೊಳ್ಳಾಕ ಜೊತಿಗೆ ಹೋದಾಂವ ನಾನ.

ಆ ಜಿಗಿಯೋದಕ್ಕ ಕಾರಣ ಇಷ್ಟ. ಕಡಿಮಿ ರೇಟಿನ ಸೈಕಲ್‌ನಾಗ ಪೆಡಲ್ ತಿರಗತೈತೋ ಇಲ್ಲೋ ಅನ್ನೋದನ್ನಷ್ಟ ನೋಡೋ ಸೆನ್ಸರ್ ಇರ್ತೈತಿ, ಎಷ್ಟು ಜೋರ ತುಳದ್ರಿ ಅನ್ನೋದು ಅದಕ್ಕ ಗೊತ್ತಾಗಂಗಿಲ್ಲ. ಟಾರ್ಕ್ ಸೆನ್ಸರ್ ಇದ್ದದ್ದು ತುಳದಷ್ಟಕ್ಕ ತಕ್ಕಂಗ ಮೆಲ್ಲಕ ಎಳಿತೈತಿ, ಹೊಸದಾಗಿ ಕಲಿಯೋರಿಗೆ ಅದ ಚಲೋ, ಆದ್ರ ರೊಕ್ಕ ಜಾಸ್ತಿ. ಸಾದಾ ಸೆನ್ಸರಿನದು ತಗೊಂಡ್ರೂ ನಡಿತೈತಿ, ಬ್ರೇಕ್ ಹಿಡದ ಕೂಡ್ಲೆ ಮೋಟರ್ ಬಂದ್ ಆಗೋ ಸ್ವಿಚ್ ಐತೋ ಇಲ್ಲೋ ಅಂತ ಹಿಂದಿನ ಗಾಲಿ ಎತ್ತಿ ತಿರುಗಿಸಿ ನೋಡ್ರಿ, ನಿಂತಾಗ ಬ್ರೇಕ್ ಹಿಡಕೊಂಡ ನಿಲ್ಲೋದು ಮಗಳಿಗೆ ರೂಢಿ ಮಾಡಸ್ರಿ.

ಅಳತಿ ಮನ್ಯಾಗ ತಗೋರಿ. ಬರಿಗಾಲಿಲೆ ಗ್ವಾಡಿಗೆ ಬೆನ್ನು ಹಚ್ಚಿ ನಿಂದ್ರಸ್ರಿ, ಎರಡು ಕಾಲಿನ ನಡುವ ಒಂದು ನೋಟ್‌ಬುಕ್ ಮ್ಯಾಲತನಕ ಹಿಡಿಸ್ರಿ, ಅದರ ಅಂಚಿಗೆ ಪೆನ್ಸಿಲ್ ಗುರ್ತು ಹಾಕಿ ನೆಲದಿಂದ ಟೇಪ್ ಹಿಡೀರಿ. ಸೈಕಲ್ ನಡುವಿನ ರಾಡ್ ಅದಕ್ಕಿಂತ ಕಮ್ಮಿ ಅಂದ್ರ ಎರಡು ಇಂಚು ಕೆಳಗ ಇರಬೇಕು. ಅಕಿ ಎತ್ತರಕ್ಕ 24 ಇಲ್ಲಾ 26 ಇಂಚಿನ ಗಾಲಿ, ನಡುವ ರಾಡ್ ಬಗ್ಗಿದ್ದ ಲೇಡೀಸ್ ಫ್ರೇಮ್ ನೋಡ್ರಿ, 29 ಇಂಚಿಂದು ಪುಕ್ಕಟೆ ಕೊಟ್ರೂ ಬ್ಯಾಡ. ಅಂಗಡಿಗೆ ಮಗಳನ್ನ ಸಾಲಿ ಬೂಟ್ ಹಾಕಿಸಿ, ಪುಸ್ತಕ ತುಂಬಿದ ಬ್ಯಾಗ್ ಹೊರಿಸಿ ಕರಕೊಂಡ ಹೋಗ್ರಿ. ಕಲಿಯೋತನಕ ಸೀಟ್ ಮ್ಯಾಲ ಕುಂತಾಗ ಎರಡೂ ಪಾದ ಪೂರ್ತಿ ನೆಲಕ್ಕ ಊರಬೇಕು. ಬ್ರೇಕ್ ಲಿವರ್ ಎರಡು ಬೆರಳಿಗೆ ಸಿಗಬೇಕು, ದೂರ ಆದ್ರ ಲಿವರ್ ಬುಡಕ ಒಂದು ಸಣ್ಣ ಸ್ಕ್ರೂ ಇರ್ತೈತಿ, ಅದನ್ನ ತಿರುವಿದ್ರ ಲಿವರ್ ಕೈ ಹತ್ರ ಬರ್ತೈತಿ, ಅಂಗಡಿಯವರು ಇದನ್ನ ತಾವಾಗಿ ಮಾಡಿಕೊಡೋದು ಕಡಿಮಿ, ನೀವ ಕೇಳ್ರಿ. ಕಡೀಕ ಒಂದು ಪಾವಟಿಗಿ ಮ್ಯಾಲ ಸೈಕಲ್ ಅಕಿನ ಎತ್ತಿ ಇಡಬೇಕು, ನೀವು ಕೈ ಹಚ್ಚಬ್ಯಾಡ್ರಿ.

ರೇಂಜ್, ಅಂದ್ರ ಒಂದ ಸಲ ಚಾರ್ಜ್ ಮಾಡಿದ್ರ ಎಷ್ಟು ದೂರ ಹೋಗ್ತೈತಿ ಅನ್ನೋದರ ಬಗ್ಗೆ ತಲಿ ಕೆಡಿಸಿಕೋಬ್ಯಾಡ್ರಿ. 36 ವೋಲ್ಟ್ 10 ಆಂಪಿಯರ್-ಅವರ್ ಬ್ಯಾಟರಿ ಅಂದ್ರ 360 ವ್ಯಾಟ್-ಅವರ್, ಅರ್ಧ ಯೂನಿಟ್ ಕರೆಂಟ್ ಸಹಿತ ಇಲ್ಲ, ತುಳಕೋತ ಹೋದ್ರ 25-30 ಕಿಲೋಮೀಟರ್‌ಗೆ ಮೋಸ ಇಲ್ಲ, ನಿಮ್ಮ ಸಾಲಿ ಟ್ಯೂಷನ್ ಎರಡೂ ಮುಗದ ಉಳಿತೈತಿ. ಮೊದಲ ಮೂರ್ನಾಲ್ಕು ದಿನ ಮೋಟರ್ ಬಂದ್ ಇಟ್ಟು ಸೆಕ್ಟರ್ ಒಳಗಿನ ಖಾಲಿ ರೋಡಿನಾಗ ಓಡಿಸಲಿ, ಆಮ್ಯಾಲೆ ಮೋಟರ್ ಎಲ್ಲಾಕ್ಕಿಂತ ಮೆಲ್ಲಕ ಎಳಿಯೋ ಒಂದನೇ ಲೆವಲ್. ಹೆಲ್ಮೆಟ್ ಬೇಕ ಬೇಕು, ಅಕಿ ತಲಿ ಅಳತಿದು, ಅಪ್ಪಂದಲ್ಲ. ಕಬ್ಬಿನ ಸೀಸನ್ನಿನ್ಯಾಗ ಡಬಲ್ ಟ್ರೇಲರ್ ಟ್ರ್ಯಾಕ್ಟರ್ ಓಡಾಡೋ ದೊಡ್ಡ ರೋಡಿಗೆ ಕತ್ತಲಾದ ಮ್ಯಾಲ ಕಳಸಬ್ಯಾಡ್ರಿ.

ಪ್ರಶ್ನೆ: ಸರ್, ನನಗೆ 22 ವರ್ಷ, ಎತ್ತರ 4 ಅಡಿ 10 ಇಂಚು, ಲೈಸೆನ್ಸ್ ಇದೆ. ಎಲೆಕ್ಟ್ರಿಕ್ ಸ್ಕೂಟರ್ ತಗೋಬೇಕು ಅಂತಿದೀನಿ, ಶೋರೂಮಲ್ಲಿ ಕೂತರೆ ಬರೀ ಬೆರಳಷ್ಟೇ ನೆಲಕ್ಕೆ ಮುಟ್ಟುತ್ತೆ. ಸೀಟ್ ಇಳಿಸಬಹುದಾ?
– ಓದುಗರು, ಟಿಳಕವಾಡಿ, ಬೆಳಗಾವಿ

ಉತ್ತರ: ತಂಗಿ, ಟಿವಿಎಸ್ ಐಕ್ಯೂಬ್ ಸೀಟ್ ಎತ್ತರ 770 ಮಿಲಿಮೀಟರ್, ಏಥರ್ 450ದ್ದು 780, ಕಾಗದದ ಮ್ಯಾಲ ಫರಕ ಕಡಿಮಿ. ಆದ್ರ ಸೀಟ್ ಮುಂದಿನ ಕಡೆ ಅಗಲ ಇದ್ರ ತೊಡಿ ಅಗಲಾಗಿ ಕಾಲು ಇನ್ನೂ ಗಿಡ್ಡ ಬೀಳ್ತಾವ, ಹಂಗಾಗಿ ನಂಬರ್ ನೋಡಿ ಬುಕ್ ಮಾಡಬ್ಯಾಡ, ಎಲ್ಲಾದರ ಮ್ಯಾಲೂ ಕುಂತ ನೋಡು. ಸೀಟ್ ಕವರ್ ಹಾಕೋರ ಹತ್ರ ಫೋಮ್ ಒಂದು ಇಂಚು ಕೆತ್ತಿಸಬಹುದು, ಮುಂದಿನ ಎರಡೂ ಬಾಜು ಕೆತ್ತಿಸಿದ್ರ ಹೆಚ್ಚು ಉಪಯೋಗ. ಶಾಕ್ ಅಬ್ಸಾರ್ಬರ್ ಮಾತ್ರ ಇಳಿಸಬ್ಯಾಡ, ಬ್ಯಾಟರಿ ಕೆಳಗ ಇರೋ ಗಾಡಿ, ಹಂಪ್‌ಗೆ ಬಡಿತೈತಿ. 100 ಕೆಜಿ ಮ್ಯಾಲಿನ ಗಾಡಿನ ಇಳಿಜಾರಿನಾಗ ಹಿಂದಕ್ಕ ಎಳಿಯೋದು ನಿನ್ನ ಎತ್ತರದೋರಿಗೆ ಭಾಳ ಕಷ್ಟ, ರಿವರ್ಸ್ ಇರೋ ಮಾಡೆಲ್ಲ ತಗೋ. ಬೆಳಗಾವಿ ಮಳ್ಯಾಗ ಇಕೋ ಮೋಡಿನಾಗ, ಅಂದ್ರ ಗಾಡಿ ಮೆಲ್ಲಕ ಎಳಿಯೋ ಮೋಡಿನಾಗ ಓಡಸು.

ಪ್ರಶ್ನೆ: ಮಗ ಬಿಸಲಾಗ ಸೈಕಲ್ ತುಳದು ಬಂದ ಕೂಡ್ಲೆ ಚಾರ್ಜಿಗೆ ಹಾಕ್ತಾನ. ಏನರ ಆಗ್ತೈತೇನ್ರಿ?
– ಓದುಗರು, ವಿಜಯಪುರ

ಉತ್ತರ: ನಮ್ಮ ಕಡೆ ಏಪ್ರಿಲ್-ಮೇನಾಗ 40 ಡಿಗ್ರಿ ದಾಟೋ ಬಿಸಲು, ಬ್ಯಾಟರಿ ಆಗಲೇ ಕಾದಿರ್ತೈತಿ, ಚಾರ್ಜಿಗೆ ಹಾಕಿದ್ರ ಮತ್ತ ಕಾಯ್ತೈತಿ, ಅದರ ಆಯುಷ್ಯ ಕಡಿಮಿ ಆಗ್ತೈತ್ರಿ. ನೆರಳಾಗ ಇಟ್ಟು ಮುಟ್ಟಿದ್ರ ತಣ್ಣಗ ಅನಸಬೇಕು, ಒಂದು ತಾಸು ಹಿಡೀತೈತಿ, ಆಮ್ಯಾಲೆ ಹಾಕಲಿ. ಗಾಡಿ ಜೊತಿಗೆ ಬಂದ ಚಾರ್ಜರ್ ಬಿಟ್ಟು ಬ್ಯಾರೆ ಹಾಕಬ್ಯಾಡ್ರಿ, ಅರ್ಥಿಂಗ್ ಇರೋ ತ್ರೀ ಪಿನ್ ಪಾಯಿಂಟ್ ಇರಲಿ. ರಾತ್ರಿ ಎಲ್ಲಾರೂ ಮಲಗಿದಾಗ, ಅದೂ ಬಾಗಲ ಹತ್ರ, ಚಾರ್ಜಿಗೆ ಇಡಬ್ಯಾಡ್ರಿ, ಏನರ ಆದ್ರ ಹೊರಗ ಬರೋ ದಾರಿನ ಅದು. ಬ್ಯಾಟರಿ ಉಬ್ಬಿದಂಗ ಕಂಡ್ರ, ಇಲ್ಲಾ ಒಂಥರಾ ವಾಸನಿ ಬಂದ್ರ ಅವತ್ತ ಚಾರ್ಜ್ ಹಾಕೋದು ಬಂದ್ ಮಾಡಿ, ಅಂಗಳದಾಗ ಇಟ್ಟು ಸರ್ವಿಸ್‌ನವರನ್ನ ಕರೀರಿ.